ಟಪ್ ಎಂದದ್ದು ಯಾವುದು

ಮೊನ್ನೆ ಹುನಗುಂದದ ದವಾಖಾನೆಯಲ್ಲಿ ಸೂಜಿ ಚುಚ್ಚುವ ಮುನ್ನ ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ವಾಸನೆಗೆ ಇಳಕಲ್ಲಿನ ನಮ್ಮ ಮಾಳಿಗೆ, ಅಲ್ಲಿ ಪಾಲಕ್ ಸೊಪ್ಪು ಅರೆದು ಸ್ಪಿರಿಟ್ಟಿನಲ್ಲಿ ನೆನೆಹಾಕುತ್ತಿದ್ದ ಮೇಡಂ... ಎಲ್ಲ ಒಟ್ಟಿಗೇ ನೆನಪಿಗೆ ಬಂದವು.

ಅವರು ನಮ್ಮ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ನನ್ನನ್ನು ವೈನಿ ಎಂದು, ನಮ್ಮ ಯಜಮಾನರನ್ನು ಅಣ್ಣಾ ಎಂದು ಕರೆಯುತ್ತಿದ್ದರು. ಎಲೆ ಬಿಸಿಲು ಕುಡಿದು ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದಲ್ಲ, ಹಾಗೆ ಬಿಸಿಲು, ನೀರಿನಿಂದಲೇ ಒಲೆ ಉರಿಸುವ ಗ್ಯಾಸ್ ಮಾಡಬೇಕೆಂಬ ಹುಚ್ಚು ಅವರಿಗೆ. ಸ್ಪಿರಿಟ್ಟಿನಲ್ಲಿ ಇಳಿದ ಎಲೆಯ ಹಸಿರು ಬಳಿದ ಗಾಜಿನ ತುಂಡನ್ನು ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟು, ಗುಳ್ಳೆ ಏಳುವುದನ್ನು ಕಾಯುತ್ತ ಕೂರುತ್ತಿದ್ದರು.

"ಇಷ್ಟ ಬಿಸಲ ಯಾಕ ಸುಮ್ನ ಹಾಳಾಗಬೇಕ್ರಿ ವೈನಿ?" ಎನ್ನುತ್ತಿದ್ದರು.

ಮೇಡಂಗೆ ತಲೆ ಕೆಟ್ಟಿದೆ ಎಂದು ಓಣಿಯವರು ಆಡಿಕೊಂಡರೆ ನನಗೆ ಸಿಟ್ಟು ಬರುತ್ತಿತ್ತು. ನನಗೂ ಏನೂ ತಿಳಿಯುತ್ತಿರಲಿಲ್ಲ, ಅದು ಬೇರೆ ಮಾತು.

ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದೆ. ಮೇಡಂ ಕೂಗಿ ಕರೆದರು. ನೀರಿನಲ್ಲಿ ಬೋರಲು ಹಾಕಿದ್ದ ಗಾಜಿನ ನಳಿಕೆಯಲ್ಲಿ ಗುಳ್ಳೆಗಳು ಬಂದು ಸೇರಿದ್ದವು. ಕಡ್ಡಿ ಗೀರಿ ಹಿಡಿದಾಗ ಟಪ್ ಎಂದರೆ ಅದೇ ಗ್ಯಾಸ್, ಸುಮ್ಮನಿದ್ದರೆ ಬರೀ ಗಾಳಿ ಎಂದರು. ಕಡ್ಡಿಯನ್ನು ನಳಿಕೆಯ ಬಾಯಿಗೆ ಹಿಡಿದರು. ಟಪ್ ಎಂದಿತು.

ಕೆಳಗೆ ಯಜಮಾನರು ಸೀರೆ ನೇಯುತ್ತಿದ್ದರು. ಅವರ ಮಗ್ಗವೂ ಟಪ್ ಟಪ್ ಎನ್ನುತ್ತಲೇ ಇತ್ತು.

"ವೈನಿ, ಅದು ನಂದೋ, ಅಣ್ಣನ ಮಗ್ಗದ್ದೋ?" ಎಂದರು. ನಗು ಅರ್ಧಕ್ಕೇ ನಿಂತಿತ್ತು. ನನಗೆ ಎರಡೂ ಒಂದೇ ಥರ ಕೇಳಿಸಿದ್ದವು; ಬಗ್ಗಿ ನೋಡಿದೆ. ನಳಿಕೆ ಆಗಲೇ ಖಾಲಿಯಾಗಿತ್ತು.

ಮರುದಿನದಿಂದ ಮಧ್ಯಾಹ್ನ ಮಗ್ಗ ನಿಲ್ಲಿಸಿದೆವು. ಯಜಮಾನರು ಗೊಣಗುತ್ತ ತಂಬಾಕು ತಿಕ್ಕುತ್ತ ಕೂರುತ್ತಿದ್ದರು. ಆದರೆ ಗಾಜಿನ ಹಸಿರು ಬಿಸಿಲಿಗೆ ಬೆಳ್ಳಗಾಗುತ್ತಿತ್ತು. ನಳಿಕೆ ಮತ್ತೆ ತುಂಬಲೇ ಇಲ್ಲ. ಆಮೇಲೆ ಮೇಡಂಗೆ ಬಾದಾಮಿಗೆ ವರ್ಗವಾಯಿತು. ಆಗಾಗ ಫೋನ್ ಮಾಡುತ್ತಿದ್ದರು. ಕೊನೆಯ ಸಲ ಹಾಸಿಗೆ ಹಿಡಿದಿದ್ದರು, ದನಿ ಸಣ್ಣಗಾಗಿತ್ತು.

"ಖರೆ ಹೇಳ್ರಿ ವೈನಿ. ಅವತ್ತ ನಿಮಗ ಕೇಳಿದ್ದು ಯಾವ್ದು?"

ಹೌದು, ನಿಮ್ಮದೇ ಎಂದುಬಿಡು ಎಂದಿತು ಮನಸ್ಸು. "ನಂಗ ಇನ್ನೂ ತಿಳಿವಲ್ದ್ರಿ ಮೇಡಂ" ಎಂದೆ.

"ಹಂಗಾದ್ರ ನಾ ಆರಾಮಾದ ಮ್ಯಾಲೆ ಇನ್ನೊಮ್ಮೆ ಮಾಡಿ ನೋಡೂಣ್ರಿ" ಎಂದರು. ಖುಷಿಯಿಂದಲೇ ಎಂದರು.

ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಹೌದು ಎಂದಿದ್ದರೆ ಸಮಾಧಾನದಿಂದ ಕಣ್ಣು ಮುಚ್ಚುತ್ತಿದ್ದರೇ? ಇಲ್ಲವೇ, ಇನ್ನೊಮ್ಮೆ ಮಾಡುವ ಆಸೆ ಅಲ್ಲಿಗೇ ಮುಗಿದುಹೋಗುತ್ತಿತ್ತೇ? ನನಗೆ ಇದೂ ತಿಳಿಯುತ್ತಿಲ್ಲ... ಅವರು ಇಲ್ಲ ಎನ್ನುವುದೊಂದು ಮಾತ್ರ ಖರೆ.