ರೇಷನ್ ಕಾರ್ಡಿನ ಸೊಸೆ

ಸೊಸೆ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಮಗನ ಹೆಂಡತಿಯೂ ಸೊಸೆ, ಹೆಂಗಸಿಗೆ ತನ್ನ ಅಣ್ಣತಮ್ಮಂದಿರ ಮಗಳೂ ಸೊಸೆ. ಎರಡರಲ್ಲಿ ಯಾವುದು ಎಂದು ಊರಿನಲ್ಲಿ ಯಾರೂ ಕೇಳುವುದಿಲ್ಲ, ಎಲ್ಲರ ಮನೆ ವಿಚಾರವೂ ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿಲ್ಲದವನೊಬ್ಬ ಬಂದು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು ಹೋದ. ಅವನನ್ನು ಬೈಯುವುದು ಸುಲಭ, ಬಹಳ ವರ್ಷ ಬೈದಿದ್ದೇನೆ ಕೂಡ. ಆದರೆ ತಪ್ಪು ಮಾಡಿದವಳು ನಾನು.

ನನಗಾಗ ಹದಿನಾಲ್ಕು. ನಮ್ಮೂರು ಯಳಂದೂರಿನ ಪಕ್ಕ. ಗದ್ದೆ, ಜೋಡಿ ಎತ್ತು, ಹಟ್ಟಿಯ ತುಂಬ ಜನ, ಯಾವುದಕ್ಕೂ ಕಮ್ಮಿಯಿರಲಿಲ್ಲ. ಅವ್ವ ಸತ್ತಳು. ತಾಯಿ ಸತ್ತ ಮೇಲೆ ತಂದೆ ಚಿಕ್ಕಪ್ಪ ಅನ್ನುತ್ತಾರೆ. ನಮ್ಮಪ್ಪ ಚಿಕ್ಕಪ್ಪನೂ ಆಗಲಿಲ್ಲ, ದೂರದ ನೆಂಟನಾದ. ವರ್ಷ ತುಂಬುವುದರೊಳಗೆ ಚಿಕ್ಕವ್ವ ಬಂದಳು. ಅವಳು ಕೆಟ್ಟವಳೇನಲ್ಲ. ಹೊಸ ಮನೆಯಲ್ಲಿ ತನ್ನಷ್ಟೇ ಎತ್ತರದ ಹುಡುಗಿಯೊಬ್ಬಳು ಗುರಾಯಿಸಿಕೊಂಡು ತಿರುಗುತ್ತಿದ್ದರೆ ಯಾರಿಗೆ ಸಹಿಸುತ್ತದೆ? ನನ್ನನ್ನು ಕೊಳ್ಳೇಗಾಲಕ್ಕೆ, ಅಪ್ಪನ ಅಕ್ಕನ ಮನೆಗೆ ಕಳಿಸಿದರು. ಅವಳ ಗಂಡ ದವಸದ ವ್ಯಾಪಾರದ ಜೊತೆಗೆ ರೇಷನ್ ಡಿಪೋ ನಡೆಸುತ್ತಿದ್ದ. ಹಾಗಾಗಿ ನಾನು ಅವಳನ್ನು ಮನಸ್ಸಿನಲ್ಲೇ ಡಿಪೋ ಅತ್ತೆ ಅನ್ನುತ್ತಿದ್ದೆ. ಸ್ಕೂಲಿಗೆ ಸೇರಿಸುತ್ತೇವೆ ಎಂದಿದ್ದರು. ಸೇರಿಸಿದರು, ವಾರದಲ್ಲಿ ಎರಡು ದಿನ ಕಳಿಸುತ್ತಿದ್ದರು. ಮಿಕ್ಕ ದಿನ ಅವರ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬೀದಿ ಸುತ್ತುವುದು ನನ್ನ ಕೆಲಸ.

ಹಾಗೆ ಸುತ್ತುವಾಗ ಕಂಡದ್ದು ಆ ಮನೆ. ಹಿಂದಿನ ಬೀದಿಯಲ್ಲಿ ಎಲ್ಲ ಮನೆಗಳಲ್ಲೂ ರೇಷ್ಮೆ ಮಗ್ಗ. ಗುಣಿಯೊಳಗೆ ಕಾಲು ಇಳಿಬಿಟ್ಟು ನೇಯುವವರು ಗಂಡಸರು, ರಾಟೆ ಸುತ್ತುವವರು ಹೆಂಗಸರು. ಈ ಒಂದು ಮನೆಯಲ್ಲಿ ಮಾತ್ರ ಗುಣಿಯಲ್ಲಿ ಹೆಂಗಸು ಕೂತಿದ್ದಳು. ಸೆರಗು ಸೊಂಟಕ್ಕೆ ಬಿಗಿದು, ಲಾಳಿಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎಸೆಯುತ್ತಾ. ರಾಟೆಯ ಮುಂದೆ ಕೂತಿದ್ದವಳು ಅವಳ ಸವತಿ.

ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎಂಬ ಗಾದೆ ಮಾಡಿದವನು ಆ ಬೀದಿಗೆ ಬಂದಿರಲಿಲ್ಲ. ಹಿರಿಯವಳಿಗೆ ಮಕ್ಕಳಾಗಲಿಲ್ಲವೆಂದು ಗಂಡ ಗೋಪಿನಾಥಂ ಕಡೆಯಿಂದ ಕಿರಿಯವಳನ್ನು ತಂದ. ಅವಳಿಗೂ ಆಗಲಿಲ್ಲ. ಮೂರನೆಯವಳನ್ನು ತರುವ ತೊಂದರೆ ತೆಗೆದುಕೊಳ್ಳದೆ, ಅವನೇ ಅವಳಿದ್ದ ಸೇಲಂಗೆ ಹೋಗಿಬಿಟ್ಟ. ಉಳಿದದ್ದು ಒಂದು ಮಗ್ಗ, ಇಬ್ಬರು ಹೆಂಡತಿಯರು. ಮೂರು ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ. ನಾಲ್ಕನೆಯ ದಿನ ಹಿರಿಯವಳು ಗುಣಿಗೆ ಇಳಿದಳು, ಕಿರಿಯವಳು ರಾಟೆ ಎಳೆದುಕೊಂಡಳು. ಗಂಡಸಿನ ಗುಣಿಗೆ ಹೆಂಗಸು ಇಳಿದರೆ ಮನೆ ಉಳಿಯುವುದಿಲ್ಲ ಎಂದು ಬೀದಿ ಆಡಿಕೊಂಡಿತು. ಮನೆ ಉಳಿದಿತ್ತು, ನಾನೇ ಕಂಡೆನಲ್ಲ.

ಮೊದಲ ದಿನ ಬಾಗಿಲಲ್ಲಿ ನಿಂತು ನೋಡಿದೆ. ಎರಡನೆಯ ದಿನ ಕಿರಿಯವಳು ತನ್ನ ಅರ್ಧ ತಮಿಳಿನಲ್ಲಿ "ವಾ, ಕುಂತ್ಕೊ" ಅಂದಳು. ಅವಳನ್ನು ಅಕ್ಕ ಎಂದೆ. ಒಂದು ವಾರದಲ್ಲಿ ನನ್ನ ಬೆರಳಿಗೆ ಕೆಲಸ ಕೊಟ್ಟರು. ಮಗ್ಗದ ಮೇಲಿನ ಹಾಸು, ಎಂದರೆ ಉದ್ದುದ್ದ ಬಿಗಿದ ಎಳೆಗಳು, ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಸೇರಿಸಬೇಕು. ಸಾವಿರಾರು ಎಳೆ. ಗಂಟು ಹಾಕುವ ಹಾಗಿಲ್ಲ. ಗಂಟು ಸಿಕ್ಕಿಕೊಂಡು ಎಳೆ ಕಿತ್ತು ಬರುತ್ತದೆ. ಬೆರಳಿಗೆ ಬೂದಿ ಹಚ್ಚಿಕೊಂಡು ಎರಡು ತುದಿಯನ್ನೂ ಬತ್ತಿ ಹೊಸೆಯುವ ಹಾಗೆ ಹೊಸೆಯಬೇಕು, ಅಷ್ಟೇ. ನನ್ನ ಬೆರಳು ಸಣ್ಣ, ಕೆಲಸ ಬೇಗ ಹತ್ತಿತು. ಹಿರಿಯವಳು ಗುಣಿಯಿಂದಲೇ ಕತ್ತು ಚಾಚಿ ನೋಡಿ, ತನ್ನ ಎಲೆಯಡಿಕೆಯಲ್ಲಿ ಒಂದು ಚೂರು ಅಡಿಕೆ ಕೊಟ್ಟಳು. ಅವ್ವ ಹೋದ ಮೇಲೆ ನನ್ನನ್ನು ಯಾರಾದರೂ ಮೆಚ್ಚಿದ್ದು ಅದೇ ಮೊದಲು. ನನಗೆ ಅಳು ಬಂತು, ಬೂದಿ ಕಣ್ಣಿಗೆ ಬಿತ್ತು ಎಂದೆ.

ನಾವು ಲಿಂಗ ಕಟ್ಟಿದವರು. ನಮ್ಮವರಲ್ಲದ ಮನೆಯಲ್ಲಿ ನೀರು ಕೂಡ ಮುಟ್ಟಬಾರದೆಂದು ಕಟ್ಟಪ್ಪಣೆ. ನಾನು ಅಲ್ಲಿ ನೀರು ಕುಡಿದೆ, ಆಮೇಲೆ ಮಜ್ಜಿಗೆ, ಆಮೇಲೆ ಮುದ್ದೆ ಉಪ್ಸಾರು. ಕಂಕುಳ ಕೂಸು ಬಾಯಿ ಬಿಟ್ಟರೆ ಅದಕ್ಕೂ ಒಂದು ತುತ್ತು. ಒಂದು ದಿನ ಅಕ್ಕ ಎಲ್ಲಿಂದಲೋ ಸಿಕ್ಕ ಅಕ್ಕಿಯಲ್ಲಿ ಅನ್ನ ಮಾಡಿದ್ದಳು. ಅವತ್ತು ಡಿಪೋ ಅತ್ತೆಯ ಮನೆಯಲ್ಲಿ ಅನ್ನ ಮಾಡಿರಲಿಲ್ಲ, ಕೂಸಿನ ಕೆನ್ನೆಯ ಮೇಲೆ ಮಾತ್ರ ಒಂದು ಅಗುಳು ಒಣಗಿಕೊಂಡಿತ್ತು. ಡಿಪೋ ಅತ್ತೆ ಆ ಅಗುಳನ್ನು ಉಗುರಿನಲ್ಲಿ ಕಿತ್ತು ನನ್ನ ಮುಖದ ಮುಂದೆ ಹಿಡಿದಳು. ನನ್ನ ಟ್ರಂಕನ್ನು ಜಗಲಿಗೆ ತಂದಿಟ್ಟು, ಎಲ್ಲಿ ಉಂಡೆಯೋ ಅಲ್ಲೇ ಬಿದ್ದುಕೋ ಹೋಗು ಅಂದಳು. ಸಂಜೆಯವರೆಗೆ ಬಾಗಿಲಲ್ಲಿ ಕೂತು ಅತ್ತು, ಕಾಲಿಗೆ ಬಿದ್ದು ಒಳಗೆ ಬರುತ್ತೇನೆಂದು ಅವಳ ಲೆಕ್ಕ. ನನಗೆ ಆಗಲೂ ಕೋಪ ಮೂಗಿನ ತುದಿಯಲ್ಲಿ. ಟ್ರಂಕ್ ತಲೆಯ ಮೇಲಿಟ್ಟುಕೊಂಡು ಹಿಂದಿನ ಬೀದಿಗೆ ನಡೆದೆ.

ಅಪ್ಪನಿಗೆ ಕಾಗದ ಹೋಯಿತು. ಅಪ್ಪ ಬರಲಿಲ್ಲ. ನಾಟಿ ಇರಬೇಕು ಅಂದುಕೊಂಡೆ. ಕಳೆ ತೆಗೆಯುವ ಕಾಲ ಬಂತು, ಕುಯ್ಲು ಬಂತು, ಅಪ್ಪ ಬರಲಿಲ್ಲ.

ಆ ನಡುವೆ ನಾನು ದೊಡ್ಡವಳಾದೆ. ಮೊದಲ ನೀರು ಹಾಕಿ ಆರತಿ ಎತ್ತುವವಳು ಸೋದರತ್ತೆ. ಅಕ್ಕ ಡಿಪೋ ಮನೆಗೆ ಹೋಗಿ ಕರೆದಳು, ಕದ ತೆಗೆಯಲಿಲ್ಲ. ನಾನು ಮೂಲೆಯಲ್ಲಿ ಚಾಪೆಯ ಮೇಲೆ ಮುದುಡಿ ಕೂತಿದ್ದೆ, ನನಗೆ ಯಾರೂ ಇಲ್ಲ ಎಂಬುದು ಅವತ್ತು ಗೊತ್ತಾದ ಹಾಗೆ ಯಾವತ್ತೂ ಗೊತ್ತಾಗಿರಲಿಲ್ಲ. ಹಿರಿಯವಳು ಮಗ್ಗ ನಿಲ್ಲಿಸಿ ಎದ್ದು ಬಂದು, ನಾನೇ ಅತ್ತೆ, ಏಳು ಅಂದಳು. ಬೀದಿಯ ಒಬ್ಬ ಮುದುಕಿ ಗಂಡ ಬಿಟ್ಟವಳು ಆರತಿ ಎತ್ತಬಹುದೇ ಎಂದು ತಕರಾರು ತೆಗೆದಳು. ಹೊಸ ಅತ್ತೆ ತಾಳಿಯನ್ನು ಹೊರಗೆ ಎಳೆದು ತೋರಿಸಿ, ಅವನು ಸೇಲಂನಲ್ಲಿ ಗಟ್ಟಿಯಾಗಿದ್ದಾನೆ, ಅವನು ಬದುಕಿರುವುದರಿಂದ ನಮಗಾಗುವ ಉಪಯೋಗ ಇಷ್ಟಾದರೂ ಆಗಲಿ ಅಂದಳು. ಅಕ್ಕ ನಕ್ಕು ನಕ್ಕು ಆರತಿ ತಟ್ಟೆಯ ನೀರು ಚೆಲ್ಲಿದಳು.

ಅವತ್ತಿನಿಂದ ನಾನು ಅತ್ತೆ ಅನ್ನುತ್ತಿದ್ದೆ, ಅವಳು ಸೊಸೆ ಅನ್ನುತ್ತಿದ್ದಳು. ಅದರಲ್ಲೂ ಒಂದು ಕೀಟಲೆ ಇತ್ತು. ನಾನು ಹಾಸು ಹೊಸೆಯಲು ಕೂತಾಗೆಲ್ಲ, "ಎಳೆ ಒಸೆಯೋಳು ಸೊಸೆ ಅಲ್ದೆ ಇನ್ನೇನವ್ವ" ಅನ್ನುವುದು. ಎಷ್ಟು ಸಲ ಹೇಳಿದರೂ ಅಕ್ಕ ನಗುತ್ತಿದ್ದಳು, ನಾನೂ ನಗುತ್ತಿದ್ದೆ.

ಕೊಳ್ಳೇಗಾಲ ಆಗ ಮದರಾಸಿನ ಪಾಲು, ಯಳಂದೂರು ಮೈಸೂರಿನ ಪಾಲು. ಆಫೀಸಿಗೆ ಬರುವವರು ಕೊಯಮತ್ತೂರಿನ ಕಡೆಯವರು. ರೇಷನ್ ಕಾರ್ಡು ಬರೆಯಲು ಬಂದ ಗುಮಾಸ್ತ ಹೊಸಬ, ಕನ್ನಡ ಅಷ್ಟಕ್ಕಷ್ಟೆ. ಮನೆಯ ಯಜಮಾನ ಯಾರು ಎಂದ. ಅತ್ತೆ ತನ್ನನ್ನು ತೋರಿಸಿಕೊಂಡಳು. ಅವನಿಗೆ ನಂಬಿಕೆ ಬರಲಿಲ್ಲ, ಆದರೂ ಬರೆದ. ಇವಳು ಯಾರು ಎಂದು ಅಕ್ಕನನ್ನು ಕೇಳಿದ. ತಂಗಿ ಎಂದಳು ಅತ್ತೆ. ಈ ಹುಡುಗಿ? ನಾನು ಬೂದಿ ಬೆರಳಲ್ಲಿ ಎಳೆ ಹಿಡಿದು ಕೂತಿದ್ದೆ. ಅತ್ತೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, "ಸೊಸೆ" ಅಂದಳು. ಅವನು ಇಂಗ್ಲಿಷಿನಲ್ಲಿ ಗೀಚಿಕೊಂಡ. ನನ್ನ ಹೆಸರು ಒಂದು ಮನೆಯ ಕಾರ್ಡಿನಲ್ಲಿ ಕೂತಿತು. ಅವತ್ತು ನಾನು ಎರಡು ಸಲ ಉಂಡೆ.

ರೇಷನ್ನಿಗೆ ಹೋಗಬೇಕಾದದ್ದು ಡಿಪೋ ಮಾವನ ಹತ್ತಿರವೇ. ಅವನಿಗೆ ಇಂಗ್ಲಿಷ್ ಬರುತ್ತಿತ್ತು. ಅಕ್ಕ ಕೊಟ್ಟ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಡಾಟರ್-ಇನ್-ಲಾ ಎಂದಿರುವುದನ್ನು ಓದಿ, ಅಳೆದು ಕೊಟ್ಟು ಕಳಿಸಿ, ಅಪ್ಪನಿಗೆ ಸುದ್ದಿ ಮುಟ್ಟಿಸಿದ. ಕಾಗದ ಬರೆದರೆ ಬರದ ಅಪ್ಪ ಈ ಸಲ ನಾಲ್ಕೇ ದಿನಕ್ಕೆ ಬಂದ. ಊರಿನಲ್ಲಿ ನನಗೆ ಒಂದು ಗಂಡು ಗೊತ್ತು ಮಾಡಿದ್ದರಂತೆ. ಮಗಳು ಕೊಳ್ಳೇಗಾಲದಲ್ಲಿ ನೇಯುವವರ ಮನೆಗೆ ಸೊಸೆಯಾಗಿದ್ದಾಳೆ, ಸರ್ಕಾರದ ಕಾಗದದಲ್ಲೇ ಬರೆದಿದೆ ಎಂಬ ಸುದ್ದಿ ಗಂಡಿನವರಿಗೆ ಮುಟ್ಟುವುದರೊಳಗೆ ಅಪ್ಪ ಓಡಿ ಬಂದಿದ್ದ.

ಬೆಳಗಿನ ಹೊತ್ತು. ಹೊಸ ಹಾಸು ಬಂದಿತ್ತು, ಅರ್ಧ ಹೊಸೆದಿದ್ದೆ. ಅಪ್ಪ ಹೊಸ್ತಿಲ ಹೊರಗೆ ನಿಂತ, ಹಿಂದೆ ಡಿಪೋ ಮಾವ. ಅಪ್ಪ ಅತ್ತೆಯನ್ನು ಕೇಳಿದ.

"ನನ್ ಮಗಳ್ನ ಯಾರ್ಗಮ್ಮ ಕಟ್ಟಿದೀಯ ನೀನು?"

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಮಾವ ಕಾರ್ಡಿನ ವಿಷಯ ಬಿಡಿಸಿ ಹೇಳಿದ. ಅತ್ತೆ ಗುಣಿಯಿಂದ ನಿಧಾನವಾಗಿ ಮೇಲೆ ಬಂದು ಸೆರಗು ಬಿಚ್ಚಿ ಹೊದ್ದುಕೊಂಡಳು.

"ನಂಗ್ ಮಗ ಎಲ್ಲವ್ನಪ್ಪ, ಕಟ್ಟಾಕೆ? ಈ ಕೂಸು ಅತ್ತೆ ಅಂತು, ನಾನು ಸೊಸೆ ಅಂದೆ. ತಮ್ಮನ್ ಮಗಳೂ ಸೊಸೆನೆ ಅಲ್ವ?"

ಮಾತು ಮುಗಿದ ಮೇಲೆ ಅದರ ಅರ್ಥ ಎಲ್ಲರಿಗೂ ಹೊಳೆಯಿತು. ಅವಳು ನಮ್ಮಪ್ಪನನ್ನು ತಮ್ಮ ಮಾಡಿಕೊಂಡಿದ್ದಳು. ಅಪ್ಪನ ಮುಖ ಒಂದು ಗಳಿಗೆ ಸಡಿಲವಾಯಿತು, ನಾನು ಕಂಡೆ. ಆಗ ಡಿಪೋ ಮಾವ ನಕ್ಕುಬಿಟ್ಟ. ಅವನ ಆ ನಗೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಪ್ಪನ ಕಿವಿ ಕೆಂಪಾಯಿತು. ನನ್ನ ಕಡೆ ತಿರುಗಿದ.

"ನೀನ್ ಯೋಳವ್ವ. ಇವ್ಳು ನಿಂಗೇನಾಗ್ಬೇಕು?"

ಅತ್ತೆ ಎಂಬ ಮಾತು ಬೆಳಗ್ಗೆ ಎದ್ದಾಗಿನಿಂದ ಇಪ್ಪತ್ತು ಸಲ ಆಡಿದ್ದೆ. ಅದು ನಾಲಿಗೆಯ ಮೇಲೇ ಇತ್ತು. ಅದನ್ನು ಆಡಿದರೆ ಅಪ್ಪ ಹಾಗೇ ತಿರುಗಿ ಹೋಗುತ್ತಾನೆ, ಇನ್ನು ಯಾವತ್ತೂ ಬರುವುದಿಲ್ಲ ಎಂಬುದು ಗೊತ್ತಿತ್ತು. ಹೆದರಿಕೆಯಿಂದ ಸುಳ್ಳು ಹೇಳಿದೆ ಎಂದು ಬಹಳ ಜನಕ್ಕೆ ಹೇಳಿದ್ದೇನೆ. ನಿಜ ಅದಲ್ಲ. ಅಪ್ಪನ ಕಾಲ ತುಂಬ ದಾರಿಯ ಧೂಳು ಇತ್ತು. ಎಷ್ಟೋ ತಿಂಗಳಾದ ಮೇಲೆ ನನ್ನಪ್ಪ ನನಗಾಗಿ ಬಂದಿದ್ದ, ನನಗೆ ಖುಷಿಯಾಗಿತ್ತು. ಅವನಿಗೆ ಮಗಳಾಗಬೇಕು ಎನಿಸಿತು.

"ಏನೂ ಆಗ್ಬೇಕಿಲ್ಲ" ಅಂದೆ.

ಅಕ್ಕನ ರಾಟೆ ನಿಂತಿತು. ಅತ್ತೆ ಮಾತ್ರ ತಲೆಯಾಡಿಸಿದಳು. "ಕೂಸು ಸರ್ಯಾಗೇ ಯೋಳ್ತು. ಏನೂ ಆಗ್ಬೇಕಿಲ್ಲ. ಕರ್ಕಂಡೋಗಪ್ಪ." ಆಮೇಲೆ ನನ್ನ ಕೈ ನೋಡಿದಳು. ಬೂದಿ ಕೈಯಲ್ಲಿ ಅಪ್ಪನ ಮನೆಗೆ ಹೋಗಬಾರದು ಎಂದು ಹಿತ್ತಲಿಗೆ ಕರೆದುಕೊಂಡು ಹೋಗಿ ಚೊಂಬಿನಲ್ಲಿ ನೀರು ಹಾಕಿದಳು. ಒಂದೊಂದು ಬೆರಳನ್ನೂ ಅವಳೇ ತೊಳೆದಳು. ಅವಳು ಬೈದಿದ್ದರೆ ಕಾಲು ಹಿಡಿದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಹೊಸೆಯದೆ ಉಳಿದ ಅರ್ಧ ಹಾಸು ಮಗ್ಗದ ಮೇಲೆ ಹಾಗೇ ಇತ್ತು.

ಗಡಿಯ ಗೇಟಿನಲ್ಲಿ, ಕಳ್ಳತನದಲ್ಲಿ ಅಕ್ಕಿ ಸಾಗಿಸುತ್ತಿದ್ದೇವೆಯೋ ಎಂದು ನಮ್ಮ ಗಾಡಿಯ ಹುಲ್ಲನ್ನೆಲ್ಲ ಕೆದಕಿದರು. ಏನೂ ಸಿಗಲಿಲ್ಲ. ಅಪ್ಪ ದಾರಿಯುದ್ದಕ್ಕೂ ಒಂದೇ ಮಾತಾಡಿದ, ಹಸಿವಾಯಿತಾ ಎಂದು. ಇಲ್ಲ ಅಂದೆ.

ಸುದ್ದಿ ಹೇಗೋ ಗಂಡಿನವರಿಗೆ ಮುಟ್ಟಿ ಆ ಗಂಡು ತಪ್ಪಿಹೋಯಿತು. ಎರಡು ವರ್ಷದ ಮೇಲೆ ಯಳಂದೂರಿನ ಮೇಷ್ಟ್ರೊಬ್ಬರಿಗೆ ಕೊಟ್ಟರು. ಒಳ್ಳೆಯವರು, ನನಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಕಲಿಸಿದರು. ಮದುವೆಗೆ ಮೊದಲು ಹುಡುಗನ ಕಡೆಯ ಹಿರಿಯರೊಬ್ಬರು ಕೊಳ್ಳೇಗಾಲಕ್ಕೆ ಹೋಗಿ ನನ್ನ ವಿಚಾರ ಕೇಳಿ ಬಂದರಂತೆ. ಕಾರ್ಡಿನಲ್ಲಿ ಅಂಥದೇನೂ ಇಲ್ಲ, ಯಾರೋ ಹೊಟ್ಟೆಕಿಚ್ಚಿಗೆ ಹುಟ್ಟಿಸಿದ್ದು ಎಂದು ಹೇಳಿದರಂತೆ. ಹೇಗೆ ಇಲ್ಲ ಎಂದು ನಾನು ಕೇಳಲಿಲ್ಲ. ಇಲ್ಲ ಎಂದರೆ ಸಾಕಾಗಿತ್ತು.

ಮೂರು ವರ್ಷ ಬಿಟ್ಟು, ಮೊದಲ ಮಗುವನ್ನು ಎತ್ತಿಕೊಂಡು, ಗಂಡನಿಗೆ ಹೇಳಿಯೇ ಕೊಳ್ಳೇಗಾಲದ ಬಸ್ಸು ಹತ್ತಿದೆ. ಆ ಮನೆಯ ಗುಣಿಯಲ್ಲಿ ಅಕ್ಕ ಕೂತಿದ್ದಳು. ರಾಟೆಯ ಮುಂದೆ ಯಾರೂ ಇರಲಿಲ್ಲ. ಅತ್ತೆ ಹಿಂದಿನ ಮಳೆಗಾಲದಲ್ಲಿ ಚಳಿಜ್ವರಕ್ಕೆ ಹೋದಳಂತೆ. ನನಗೆ ಕಾಗದ ಹಾಕಿಸೋಣವೆಂದರೆ ಬೇಡ, ಸಂಸಾರಸ್ಥೆ, ತೊಂದರೆಯಾಗುತ್ತದೆ ಎಂದಳಂತೆ. ನಾನು ಗುಣಿಯ ಅಂಚಿನಲ್ಲಿ ಕೂತು ಅತ್ತೆ. ಮಗುವೂ ಅತ್ತಿತು. ಅಕ್ಕ ಇಬ್ಬರಿಗೂ ಮಜ್ಜಿಗೆ ಕೊಟ್ಟಳು.

ಆಮೇಲೆ ಪೆಟ್ಟಿಗೆಯ ತಳದಿಂದ ಆ ಹಳೆಯ ಕಾರ್ಡನ್ನು ತೆಗೆದಳು. ರೇಷನ್ ನಿಂತುಹೋಗಿತ್ತು, ಯಾತಕ್ಕೂ ಬಾರದ ಕಾಗದ. ನೀನು ಹೋದ ಮಾರನೆಯ ದಿನ ನಿನ್ನತ್ತೆ ಮಗ್ಗ ನಿಲ್ಲಿಸಿ ಆಫೀಸಿಗೆ ನಡೆದು ಹೋಗಿ ಏನೋ ತಿದ್ದಿಸಿಕೊಂಡು ಬಂದಳು, ಏನೆಂದು ನನಗೆ ಹೇಳಲಿಲ್ಲ, ನನಗೆ ಓದಲು ಬರುವುದಿಲ್ಲ ಅಂದಳು. "ನೀನ್ ಓದವ್ವ."

ಮೂರು ಹೆಸರು. ಮೂರನೆಯದು ನನ್ನದು, ಅದನ್ನು ಹೊಡೆದು ಹಾಕಿರಲಿಲ್ಲ. ಅದರ ಮುಂದಿನ ಹಳೆಯ ಅಕ್ಷರಗಳ ಮೇಲೆ ಮಾತ್ರ ಕೆಂಪು ಗೀಟು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಎರಡು ಪದ. ಕೂಡಿಸಿ ಓದಿದೆ. ನೋ ರಿಲೇಷನ್. ಏನೂ ಆಗಬೇಕಿಲ್ಲ ಎಂದು ನಾನು ಅಪ್ಪನ ಮುಂದೆ ಆಡಿದ ಮಾತನ್ನೇ ಅವಳು ಅಲ್ಲಿಯವರೆಗೆ ನಡೆದು ಹೋಗಿ, ನನ್ನ ಮದುವೆಗೆ ಅಡ್ಡಿಯಾಗದಿರಲೆಂದು, ಬರೆಸಿ ಬಂದಿದ್ದಳು. ಬರೆಸಿಯೂ ಹೆಸರನ್ನು ಮನೆಯಲ್ಲೇ ಇಟ್ಟುಕೊಂಡಿದ್ದಳು.

"ಏನಂತ ಅದೆ?" ಅಂದಳು ಅಕ್ಕ.

"ಸೊಸೆ ಅಂತ ಅದೆ" ಅಂದೆ.

ಅಕ್ಕ ಆ ಕೆಂಪು ಗೀಟಿನ ಮೇಲೆ ಬೆರಳಿಟ್ಟಳು.

"ಅದು ಮೊದ್ಲೇ ಇತ್ತಲ್ಲವ್ವ. ಮತ್ ತಿದ್ಸಿದ್ದೇನು?"

ನಾನು ಕಾರ್ಡನ್ನು ಮಡಿಸಿ ಅವಳ ಕೈಗೆ ಕೊಟ್ಟೆ.