ತಿಕ್ಕಿ ತೊಳೆದ ಪಾಚಿ ತೊಟ್ಟಿ

ಎಂಬತ್ತರ ದಶಕದ ಆರಂಭದಲ್ಲಿ ನಾನು ಗಂಗಾವತಿ ತಾಲ್ಲೂಕಿನಲ್ಲಿ ಪಶುವೈದ್ಯನಾಗಿದ್ದೆ. ಆಗ ಕೊಪ್ಪಳವೂ ರಾಯಚೂರು ಜಿಲ್ಲೆಗೇ ಸೇರಿತ್ತು. ನೀರಾವರಿ ಸೀಮೆಯೆಂದು ಹೊರಗಿನವರಿಗೆ ಹೊಟ್ಟೆಕಿಚ್ಚು. ಆದರೆ ಬೇಸಿಗೆಯಲ್ಲಿ ಕಾಲುವೆಯ ನೀರು ನಿಂತಿತೆಂದರೆ ಎಮ್ಮೆಗಳಿಗೆ ಭತ್ತದ ಒಣಹುಲ್ಲೇ ಗತಿ. ಹಸಿರಿಲ್ಲದೆ ಹಾಲು ಇಳಿಯುತ್ತಿತ್ತು.

ಸಿಹಿನೀರಿನ ಪಾಚಿಯಲ್ಲಿ ಪ್ರೋಟೀನ್ ಹೇರಳ. ತೊಟ್ಟಿಯಲ್ಲಿ ಬೆಳೆಸಿ, ಬಟ್ಟೆಯಲ್ಲಿ ಸೋಸಿ, ಒಣಗಿಸಿ, ತೌಡಿನಲ್ಲಿ ಸ್ವಲ್ಪಸ್ವಲ್ಪವೇ ಕಲಸಿ ಕೊಡಬಹುದು. ಕೆರೆಯ ಮೇಲೆ ತೇಲುವುದನ್ನೆಲ್ಲ ಬಾಚಿ ಹಾಕುವಂತಿಲ್ಲ, ಕೆಲವು ಬಗೆಯವು ವಿಷ. ಅದಕ್ಕೇ ಶುದ್ಧ ಕಲ್ಚರ್, ಅಂದರೆ ಬೀಜದಂತೆ ಬಳಸುವ ಮೂಲ ಪಾಚಿ, ತರಿಸಿ ಶರಣಪ್ಪನೆಂಬ ರೈತನ ಹಿತ್ತಲಿನ ಸಿಮೆಂಟ್ ತೊಟ್ಟಿಗೆ ಬಿಡಿಸಿದೆ. ಅವನ ಎಮ್ಮೆ ಮೊದಲು ಮುಖ ತಿರುಗಿಸಿತು, ಆಮೇಲೆ ಬುಟ್ಟಿಯ ತಳ ನೆಕ್ಕತೊಡಗಿತು. ಆ ಬೇಸಿಗೆ ಹಾಲು ಇಳಿಯಲಿಲ್ಲ. ಸುತ್ತಲ ಊರುಗಳಿಗೂ ಸುದ್ದಿ ಹಬ್ಬಿತು. ನಾನಂತೂ ಬೀಗಿದೆ.

ಒಂದು ಬೆಳಿಗ್ಗೆ ಹೋಗಿ ನೋಡಿದರೆ ತೊಟ್ಟಿ ಫಳಫಳ ಹೊಳೆಯುತ್ತಿದೆ. ಇಟ್ಟಿಗೆಪುಡಿ ಹಾಕಿ ತಿಕ್ಕಿ, ಸುಣ್ಣ ಬಳಿದಿದ್ದಾರೆ. ಮೈಯೆಲ್ಲ ಉರಿದುಹೋಯಿತು. ಶರಣಪ್ಪನ ಹೆಂಡತಿ ಬಸಮ್ಮನನ್ನು ಕೇಳಿದೆ.

"ಕುಷ್ಟಗಿ ಕಡಿಂದ ಕನ್ಯಾ ನೋಡಾಕ ಬರಾಕತ್ಯಾರ್ರಿ, ಸಾಹೇಬ್ರ. ತೊಟ್ಟ್ಯಾಗ ಪಾಚಿ ಕಟ್ಟಿದ ಮನಿ ಹುಡುಗೀನ ಯಾರು ಮಾಡ್ಕೋತಾರ್ರಿ? ತಾಯಿ ಮೈಗಳ್ಳಿ, ಮಗಳೂ ಹಂಗ ಅಂತಾರ."

ಮಗಳು ರೇಣುಕಾಗೆ ಬಂದ ಎರಡು ಸಂಬಂಧ ಆಗಲೇ ತಪ್ಪಿಹೋಗಿದ್ದವಂತೆ. ಆ ತಾಯಿಯೆದುರು ನನ್ನ ಪ್ರೋಟೀನ್ ಪಾಠ ಎಲ್ಲಿ ನಡೆದೀತು? ಸೈಕಲ್ ಹತ್ತುವಷ್ಟರಲ್ಲಿ ಗಂಡಿನ ಕಡೆಯವರು ಬಂದೇಬಿಟ್ಟರು. ಹಿರಿಯರೊಬ್ಬರು ಇರಲಿ ಎಂದು ಶರಣಪ್ಪ ಕೈಹಿಡಿದು ಕೂರಿಸಿದ.

ಅವಲಕ್ಕಿ, ಚಹಾ ಆಯಿತು. ಹುಡುಗನ ತಾಯಿ ಎದ್ದು ನೆಟ್ಟಗೆ ಹಿತ್ತಲಿಗೆ ನಡೆದರು. ತೊಟ್ಟಿಯೊಳಗೆ ಬಗ್ಗಿ ನೋಡಿದವರ ಮುಖ ಸಪ್ಪಗಾಯಿತು.

"ಪಾಚಿ ಎಲ್ಲೈತ್ರಿ ಯವ್ವಾ? ನಮ್ಮದು ಒಣಭೂಮಿ. ಬ್ಯಾಸಗ್ಯಾಗ ಎಮ್ಮಿ ಮುಂದ ಹಾಕಾಕ ಏನೂ ಇರಂಗಿಲ್ಲ. ಅದನ್ನ ನೋಡಬೇಕಂತ ಭಾಳ ಆಸೆ ಇಟ್ಕೊಂಡು ಬಂದಿದ್ದೆ."

ಬಸಮ್ಮ ಬೆವೆತುಹೋದಳು. ಈ ಸಂಬಂಧವೂ ಕೈಬಿಟ್ಟಿತೆಂದುಕೊಂಡೆ. ಆಗ ಬಾಗಿಲಲ್ಲಿ ನಿಂತಿದ್ದ ರೇಣುಕಾ ತಲೆ ತಗ್ಗಿಸಿಕೊಂಡೇ ಹೇಳಿದಳು: "ಅವ್ವ ತಿಕ್ಕೂದಕ್ಕ ಮೊದ್ಲ ಒಂದು ಕೊಡ ತಗದಿಟ್ಟೀನ್ರಿ. ಮೊಸರೆಲ್ಲಾ ಖಾಲಿ ಮಾಡಿದ್ರೂ ಹೆಪ್ಪಿಗೆ ಅಂತ ಒಂಚೂರು ಇಟ್ಕೋತೀವಲ್ಲರಿ."

ಆಕೆ ತಂದಿಟ್ಟ ಕೊಡದಲ್ಲಿ ಹುಡುಗನ ತಾಯಿ ಕೈಯಾಡಿಸಿ ನೋಡಿದರು. ಹಸಿರಾದ ಬೆರಳುಗಳನ್ನು ಹೊಸ ಸೀರೆಯ ಸೆರಗಿಗೇ ಒರೆಸಿಕೊಂಡರು.

"ಹುಡುಗಿ ನಮಗ ಪಸಂದ ಅದಾಳ್ರಿ. ಬರೂ ಮುಂದ ಈ ಕೊಡಾನೂ ತರ್ಲಿ."

ಬಸಮ್ಮ ಅಳುತ್ತಲೇ ನಕ್ಕಳು. ತೊಟ್ಟಿಯ ಬಗ್ಗೆ ನಾನು ಹೇಳಿದ್ದೆಲ್ಲ ಶರಣಪ್ಪನಿಗೆ. ಅದನ್ನು ತೊಳೆಯುವವರು ಯಾರೆಂದು ವಿಚಾರಿಸಿಯೇ ಇರಲಿಲ್ಲ. ಆಮೇಲೆ ನಿವೃತ್ತನಾಗುವವರೆಗೂ ಯಾವ ಊರಿಗೆ ಹೋದರೂ, ಯಜಮಾನನಿಗೆ ನಮಸ್ಕಾರ ಹೇಳಿ, "ಒಳಗಿನವರನ್ನ ಕರೀರಿ, ಕೆಲಸದ ಮಾತೈತಿ" ಎಂದೇ ಶುರು ಮಾಡಿದೆ.