ಬೋಜಪ್ಪ ಗೌಡರ ರೇಡಿಯೋಗೆ ಇರುವೆ ಹತ್ತಿದ್ದು

ಪೆರಾಬೆಯ ಕೃಷ್ಣಮೋಹನ ಮಂಗಳೂರಿನ ಒಂದು ಅಂಗಡಿಯಲ್ಲಿ ರೇಡಿಯೋ ಕೆಲಸ ಕಲಿತು ಸುಳ್ಯಕ್ಕೆ ಬಂದದ್ದು ಅರವತ್ತೊಂದನೇ ಇಸವಿಯಲ್ಲಿ. ಹಕೀಮ್ ಸಾಹೇಬರ ಬಟ್ಟೆ ಅಂಗಡಿಗೆ ತಾಗಿದ ಸಣ್ಣ ಕೋಣೆಯಲ್ಲಿ ಅವನ ರಿಪೇರಿ ಅಂಗಡಿ. ಮೂವತ್ತು ತುಂಬುತ್ತಾ ಬಂದಿತ್ತು, ಮದುವೆಯಾಗಿರಲಿಲ್ಲ. ಮಾತು ಕಡಿಮೆ.

ಆಗ ಹಳ್ಳಿಗಳಿಗೆ ಕರೆಂಟು ಬಂದಿರಲಿಲ್ಲ. ದೊಡ್ಡ ಬ್ಯಾಟರಿ ಕಟ್ಟಿದ, ಮರದ ಪೆಟ್ಟಿಗೆಯ ರೇಡಿಯೋ ಇದ್ದವರ ಮನೆ ಅಲ್ಲೊಂದು ಇಲ್ಲೊಂದು. ಅಷ್ಟು ಭಾರದ್ದನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ತರಲು ಜನ ಹೆದರುತ್ತಿದ್ದರು. ಹಾಗಾಗಿ ಕೃಷ್ಣಮೋಹನನೇ ಸಲಕರಣೆಯ ಚೀಲ ಹಿಡಿದು ಮನೆಮನೆಗೆ ಹೋಗುತ್ತಿದ್ದ. ಹೋದಲ್ಲೆಲ್ಲ ಒಂದೇ ಕಾಯಿಲೆ: ಇರುವೆ. ಪೆಟ್ಟಿಗೆಯೊಳಗೆ ಕತ್ತಲೆ, ಹಾಡು ಕೇಳಿ ಮುಗಿದ ಮೇಲೂ ಆರದ ಬಿಸುಪು, ಬೆನ್ನಿನ ರಟ್ಟಿನಲ್ಲಿ ಗಾಳಿಗೆಂದು ಕೊರೆದ ತೂತು. ಇರುವೆಗೆ ಇನ್ನೇನು ಬೇಕು? ಒಳಗೆ ಸಂಸಾರ ಹೂಡಿ ಮೊಟ್ಟೆ ಇಟ್ಟುಬಿಡುತ್ತಿದ್ದವು. ಸ್ಟೇಷನ್ ತಿರುಗಿಸುವಲ್ಲಿನ ತಗಡುಗಳ ನಡುವೆ ನಾಲ್ಕು ಸತ್ತು ಸಿಕ್ಕಿಕೊಂಡರೆ ಧಾರವಾಡವೂ ಇಲ್ಲ, ಸಿಲೋನೂ ಇಲ್ಲ, ಬರೀ ಕರಕರ.

ಬೇರೆಯವರಾದರೆ ಡಿಡಿಟಿ ಪುಡಿ ಉದುರಿಸಿ ಕೈತೊಳೆದುಕೊಳ್ಳುತ್ತಿದ್ದರು. ಕೃಷ್ಣಮೋಹನನಿಗೆ ಅದು ಆಗುತ್ತಿರಲಿಲ್ಲ. ಬೆನ್ನಿನ ರಟ್ಟು ಬಿಚ್ಚಿ, ಪೆಟ್ಟಿಗೆಯನ್ನು ಅಂಗಳದ ಬಿಸಿಲಿಗೆ ಇಟ್ಟು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಬಿಸಿಲು ಏರಿದ ಹಾಗೆ ಇರುವೆಗಳು ಬಿಳಿ ಮೊಟ್ಟೆ ಕಚ್ಚಿಕೊಂಡು ಸಾಲಾಗಿ ಇಳಿದು ಹೋಗುತ್ತಿದ್ದವು. ಉಳಿದವನ್ನು ಕೋಳಿಯ ಗರಿಯಿಂದ ಸವರಿ ದಾಟಿಸುತ್ತಿದ್ದ. ಅರ್ಧ ದಿನ ಅದಕ್ಕೇ ಬೇಕು.

ಸಂಪಾಜೆಯ ಬೋಜಪ್ಪ ಗೌಡರ ಮನೆಗೆ ಅವನು ಮೊದಲ ಸಲ ಹೋದಾಗಲೂ ಹೀಗೇ ಬಿಸಿಲಲ್ಲಿ ಕೂತಿದ್ದ. ಗೌಡರ ಮಗಳು ಸೇವಂತಿ ಮಜ್ಜಿಗೆ ತಂದಿಟ್ಟು ಅಲ್ಲೇ ನಿಂತಳು.

"ಔಷಧಿ ಹಾಕುದಿಲ್ವಾ?"

"ಮಕ್ಕಳನ್ನು ಎತ್ತಿಕೊಂಡು ಹೋಗ್ತಾ ಉಂಟಲ್ಲ. ಸ್ವಲ್ಪ ತಡೆಯುವ."

ಸೇವಂತಿ ನಕ್ಕಳು. ಜಗಲಿಯಲ್ಲಿ ವೀಳ್ಯ ಮಡಚುತ್ತಿದ್ದ ಬೋಜಪ್ಪ ಗೌಡರು ತಲೆ ಎತ್ತಿದರು. ಮಗಳು ಹೊರಗಿನವರ ಎದುರು ನಕ್ಕದ್ದು ಕೇಳದೆ ಎರಡು ವರ್ಷವಾಗಿತ್ತು.

ಚಿಕ್ಕಂದಿನ ಜ್ವರದಲ್ಲಿ ಸೇವಂತಿಯ ಎಡಗಾಲು ಕೊಂಚ ಸೋತಿತ್ತು. ಕೆಲಸಕ್ಕೇನೂ ತೊಂದರೆಯಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಅಡುಗೆ, ದನ, ಗದ್ದೆಯ ಆಳುಗಳ ಊಟ ಎಲ್ಲವೂ ಅವಳದೇ. ಆದರೆ ಎರಡು ವರ್ಷದ ಹಿಂದೆ ಪುತ್ತೂರು ಕಡೆಯಿಂದ ಹೆಣ್ಣು ನೋಡಲು ಬಂದವರು ಅವಳನ್ನು ಅಂಗಳದಲ್ಲಿ ಅತ್ತಿಂದಿತ್ತ ನಡೆಸಿ ನೋಡಿದ್ದರು. ಸಂತೆಯಲ್ಲಿ ಕರುವನ್ನು ನಡೆಸಿ ನೋಡಿದ ಹಾಗೆ. ಅವರು ಹೋದ ಮೇಲೆ ಸೇವಂತಿ ಒಂದೇ ಮಾತು ಹೇಳಿದ್ದಳು: "ಅಪ್ಪ, ಇನ್ನು ನನ್ನನ್ನು ನೋಡಲಿಕ್ಕೆ ಯಾರೂ ಬರುದು ಬೇಡ." ಗೌಡರು ಆ ಮಾತನ್ನು ಮೀರಿರಲಿಲ್ಲ.

ಅಂದು ಕೃಷ್ಣಮೋಹನ ರೇಡಿಯೋದ ಮೇಜಿನ ನಾಲ್ಕು ಕಾಲಿಗೂ ತೆಂಗಿನ ಗೆರಟೆ ಇಟ್ಟು ನೀರು ತುಂಬಿಸಿದ. ತೂತುಗಳಿಗೆ ತೆಳು ಬಟ್ಟೆ ಬೇಕೆಂದಾಗ ಸೇವಂತಿ ಹಳೆ ಸೀರೆಯ ತುಂಡನ್ನು ಅಂಚು ಮಡಚಿ ಹೊಲಿದುಕೊಟ್ಟಳು. ಗಾಳಿ ಆಡುತ್ತದೆ, ಇರುವೆ ನುಗ್ಗುವುದಿಲ್ಲ.

ತಿಂಗಳಾಗುವುದರೊಳಗೆ ಸಂಪಾಜೆಯಿಂದ ಗೌಡರು ಮತ್ತೆ ಹೇಳಿ ಕಳಿಸಿದರು. ಪುನಃ ಇರುವೆ!

ಗೆರಟೆಗಳಲ್ಲಿ ನೀರು ತುಂಬಿತ್ತು. ಬಟ್ಟೆ ಹರಿದಿರಲಿಲ್ಲ, ಆದರೆ ಒಂದು ಮೂಲೆ ಸಡಿಲವಾಗಿತ್ತು. ಏರಿಯಲ್ ತಂತಿಯ ಮೇಲೆ ನಡೆದು ಬಂದಿರಬೇಕು ಎಂದುಕೊಂಡ ಕೃಷ್ಣಮೋಹನ, ತಂತಿ ಎಲ್ಲಿಂದ ಬರುತ್ತದೆ ಎಂದು ಕೇಳಿದ. ಸೇವಂತಿ ಗುಡ್ಡದ ಬದಿಯಲ್ಲಿ ನೆಟ್ಟ ಬಿದಿರಿನ ಕಂಬದವರೆಗೆ ಅವನ ಮುಂದೆ ನಡೆದಳು. ಅವನು ಹಿಂದಿನಿಂದ ತನ್ನ ಕಾಲನ್ನೇ ನೋಡುತ್ತಿರಬಹುದು ಅನ್ನಿಸುತ್ತಿತ್ತು. ತಡೆಯಲಾರದೆ ಒಮ್ಮೆ ತಿರುಗಿ ನೋಡಿದಳು. ಅವನು ಬಾಯಿ ತೆರೆದು ಮೇಲಿನ ತಂತಿಯನ್ನೇ ನೋಡುತ್ತಾ ಬರುತ್ತಿದ್ದ. ಕಲ್ಲು ಎಡವಿದ.

"ಕೆಳಗೂ ನೋಡಿ ಮಾರಾಯ್ರೆ!" ಎಂದಳು ಸೇವಂತಿ.

ತಂತಿಗೆ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ಸುತ್ತಿದರು. ಮೊಟ್ಟೆಗಳ ಮೆರವಣಿಗೆ ಮುಗಿಯುವವರೆಗೆ ಇಬ್ಬರೂ ಅಂಗಳದಲ್ಲಿ ಕೂತು ಮಾತಾಡಿದರು. ಸಂಜೆಯ ಬಸ್ಸಿನಲ್ಲಿ ಕೂತಾಗ ಕೃಷ್ಣಮೋಹನನಿಗೆ ತಾನು ಇದಕ್ಕೆ ಮೊದಲು ಅಷ್ಟು ಮಾತಾಡಿದ್ದು ಯಾವಾಗ ಎಂದು ನೆನಪಾಗಲಿಲ್ಲ.

ಮೂರನೆಯ ಸಲ ಕರೆ ಬಂದು ಅವನು ಹೋದಾಗ ಬೋಜಪ್ಪ ಗೌಡರು ಗದ್ದೆಗೆ ಹೋಗಿದ್ದರು. ಕೃಷ್ಣಮೋಹನ ರಟ್ಟು ಬಿಚ್ಚಿ, ಇರುವೆಗಳ ಸಾಲು ಎಲ್ಲಿ ಸೇರುತ್ತದೆ ಎಂದು ಬಗ್ಗಿ ನೋಡಿದ. ಸ್ಪೀಕರಿನ ಹಿಂದೆ, ಬಾಳೆಲೆಯ ಚೂರಿನ ಮೇಲೆ, ಒಂದು ತುಂಡು ವಾಲೆಬೆಲ್ಲ.

ಯಾರೋ ಜೋಪಾನವಾಗಿ ಇಟ್ಟದ್ದು. ತಾನು ಮತ್ತೆ ಮತ್ತೆ ಬರಲಿ ಎಂದು ಇಟ್ಟದ್ದು. ಅವನ ಕಿವಿ ಕೆಂಪಾಯಿತು, ಎದೆಯೊಳಗೆ ಏನೋ ಹಿತವಾಯಿತು. ಮಜ್ಜಿಗೆ ಹಿಡಿದು ಬಂದ ಸೇವಂತಿಗೆ ಬೆಲ್ಲ ತೋರಿಸಿ, ಮೆಲ್ಲನೆ ಕೇಳಿದ, "ಇದು ನೀವು ಇಟ್ಟದ್ದಾ?"

ಸೇವಂತಿ ಬೆಲ್ಲ ನೋಡಿದಳು, ಅವನ ಮುಖ ನೋಡಿದಳು. ಅವಳ ಕಣ್ಣು ತುಂಬಿತು.

"ನಾನು ಯಾರನ್ನೂ ಹೀಗೆ ಕರೆಸುವವಳಲ್ಲ," ಎಂದು ಲೋಟ ಇಟ್ಟು ಒಳಗೆ ಹೋದಳು.

ಕೃಷ್ಣಮೋಹನ ಚೀಲ ಎತ್ತಿಕೊಂಡ. ಹೋಗಿಬಿಡಬೇಕು ಅನ್ನಿಸಿತು. ಆದರೆ ಪೆಟ್ಟಿಗೆ ಬಿಚ್ಚಿದಲ್ಲೇ ಇತ್ತು, ಇರುವೆಗಳು ಅರ್ಧ ದಾರಿಯಲ್ಲಿದ್ದವು.

ಅಷ್ಟರಲ್ಲಿ ಬೋಜಪ್ಪ ಗೌಡರು ಕೆಸರು ಕಾಲಿನಲ್ಲಿ ಬಂದರು. ಸೇವಂತಿ ಬಾಗಿಲಿಗೆ ಬಂದಳು.

"ಅಪ್ಪ, ರೇಡಿಯೋದೊಳಗೆ ಬೆಲ್ಲ ಇಟ್ಟದ್ದು ಯಾರು?"

ಗೌಡರು ಹೆಗಲ ಬೈರಾಸು ತೆಗೆದು ಮುಖ ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ನಾನೇ ಮಗಾ," ಎಂದರು ಕೊನೆಗೆ. "ಮೊದಲನೇ ಸಲ ಇರುವೆ ತಾನಾಗಿ ಬಂದದ್ದು. ಆ ದಿನ ನೀನು ನಗಾಡಿದೆ. ನೋಡಲಿಕ್ಕೆ ಯಾರೂ ಬರುದು ಬೇಡ ಅಂದಿದ್ದೆಯಲ್ಲ... ಇವ ನೋಡಲಿಕ್ಕೆ ಬರುದಲ್ಲ, ರಿಪೇರಿಗೆ ಬರುದು. ನಾನು ಬೇರೆ ಎಂತ ಮಾಡುದು, ಹೇಳು?"

ಸೇವಂತಿಗೆ ಸಿಟ್ಟೂ ಬಂತು, ಅಳುವೂ ಬಂತು. ಕೆಸರು ಮೆತ್ತಿದ ಅಪ್ಪನ ಕಾಲು ನೋಡುತ್ತಾ ನಿಂತಳು. ನಂತರ ಚೆಂಬಿನಲ್ಲಿ ನೀರು ತಂದು ಆ ಕಾಲಿಗೆ ಸುರಿದಳು. ಗೌಡರು ಒಳಗೆ ಹೋದರು.

ಕೃಷ್ಣಮೋಹನ ಜಗಲಿಯ ಹತ್ತಿರ ಬಂದ. "ನಾನು ಹಾಗೆ ಕೇಳಬಾರದಿತ್ತು. ನೀವು ಇಟ್ಟದ್ದು ಅಂತ ಎಣಿಸಿ... ನನಗೆ ಖುಷಿ ಆಯ್ತು. ಅದಕ್ಕೆ ಬಾಯಿಗೆ ಬಂತು."

ಸೇವಂತಿ ಚೆಂಬನ್ನು ಜಗಲಿಯ ಮೇಲಿಟ್ಟಳು.

"ರೇಡಿಯೋ ಹಾಳಾಗದಿದ್ದರೂ ಬರಬಹುದಾ?"

"ಬರಬಹುದು," ಎಂದಳು. "ಮಾತಾಡಲಿಕ್ಕೆ ಬಂದರೆ ಅಡ್ಡಿ ಇಲ್ಲ."

ಆಮೇಲಿನ ಭಾನುವಾರಗಳಲ್ಲಿ ಅವನು ಸಂಪಾಜೆ ಮೇಲಿಂದ ಹೋಗುವ ಮಡಿಕೇರಿ ಬಸ್ಸು ಹತ್ತಿ ಬರುತ್ತಿದ್ದ. ಬೋಜಪ್ಪ ಗೌಡರಿಗೆ ಆ ದಿನಗಳಲ್ಲಿ ಗದ್ದೆಯ ಕೆಲಸ ಮುಗಿಯುತ್ತಲೇ ಇರಲಿಲ್ಲ. ಮರು ವರ್ಷ ಸುಳ್ಯದಲ್ಲಿ ಮದುವೆಯಾಯಿತು. ಹೆಣ್ಣು ನೋಡುವ ಶಾಸ್ತ್ರ ನಡೆಯಲಿಲ್ಲ.

ಹಕೀಮ್ ಸಾಹೇಬರ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅವರ ಸಂಸಾರ. ಮದುವೆಯಾದ ಹೊಸತರಲ್ಲಿ ಒಂದು ದಿನ ಕೃಷ್ಣಮೋಹನ ಕಡಬದ ಕಡೆ ಹೋದವನು ಮಧ್ಯಾಹ್ನ ಮೀರಿ ಬಂದ. ಹೆಂಡತಿ ಹಸಿದು ಕಾಯುತ್ತಿರಬಹುದೆಂದು ಓಡೋಡಿ ಬಂದಿದ್ದ.

"ನನಗೆ ಹಸಿವಾಯ್ತು, ಉಂಡೆ," ಎಂದಳು ಸೇವಂತಿ. "ನಿಮಗೆ ಮುಚ್ಚಿಟ್ಟಿದ್ದೇನೆ."

ತಟ್ಟೆ ತೆರೆದರೆ ಬಂಗುಡೆ ಮೀನಿನ ನಡುವಿನ ತುಂಡುಗಳು. ಅಪ್ಪ ಅಮ್ಮ ಇಲ್ಲದೆ ಸೋದರತ್ತೆ ಲೋಲಾಕ್ಷಿಯ ತುಂಬಿದ ಮನೆಯಲ್ಲಿ ಬೆಳೆದವನು ಅವನು. ಮೀನಿನ ಬಾಲವೇ ತನ್ನ ಪಾಲು ಎಂದು ತಿಳಿದಿದ್ದವನು.

"ಬಾಲ ಎಲ್ಲಿ?" ಎಂದು ಕೇಳಿದ.

"ಬೆಕ್ಕಿಗೆ ಹಾಕಿದೆ. ಯಾಕೆ, ಬೇಕಿತ್ತಾ?"

"ಬೇಡ," ಎಂದ ಕೃಷ್ಣಮೋಹನ. ತುತ್ತು ಕಲಸಿದ ಕೈ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು.

"ಆರ್‍ತದೆ, ಉಣ್ಣಿ," ಎಂದು ಸೇವಂತಿ ಅವನ ಎದುರಿಗೆ ಕೂತಳು.